ಇಳಿಯದೆ ಮರಳಿದ ವಿಮಾನ

ಬಜಪೆಯ ದೀಪಗಳನ್ನು ನಾನು ಕಂಡೆ ಎಂದೇ ಇಂದಿಗೂ ನನ್ನ ನಂಬಿಕೆ. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದೆ. ಮೋಡ ಒಂದು ಕ್ಷಣ ಹರಿದು ಕೆಳಗೆ ತೆಂಗಿನ ತೋಟ, ಕೆಂಪು ನೀರು ತುಂಬಿದ ಒಂದು ತೋಡು, ಹೆಂಚಿನ ಮಾಡು, ಆಮೇಲೆ ಸಾಲಾಗಿ ಕೆಲವು ದೀಪಗಳು ಕಂಡವು. ಇನ್ನೇನು ಚಕ್ರ ನೆಲ ಮುಟ್ಟಬೇಕು ಎಂದುಕೊಂಡು ಕಾಲಿನ ಬಳಿ ಇದ್ದ ಚೀಲವನ್ನು ಕೈಗೆ ಎಟಕುವಂತೆ ಸರಿಸಿಕೊಂಡೆ. ಅಷ್ಟರಲ್ಲಿ ಎಂಜಿನ್ನುಗಳು ಗರ್ಜಿಸಿದವು. ನೆಲ ನಮ್ಮನ್ನು ಬಿಟ್ಟು ಕೆಳಕ್ಕೆ ಜಾರಿತು. ತೋಟವೂ ತೋಡೂ ದೀಪಗಳೂ ಬೂದಿಬಣ್ಣದೊಳಗೆ ಮುಳುಗಿಹೋದವು.

ಇದು 2016ರ ಆಷಾಢದ ಮಾತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಅಕ್ಕ ಮಲಗಿದ್ದಳು. ತಾಯಿ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ಅಲ್ಲಿಂದ ಮುಂದೆ ನನ್ನ ಪಾಲಿಗೆ ತಾಯಿ ಎಂದರೆ ಅವಳೇ. ಆ ಬೆಳಗ್ಗೆ ಅವಳ ಮಗ ಬೆಂಗಳೂರಿಗೆ ಫೋನು ಮಾಡಿ, "ಮಾವ, ಇವತ್ತೇ ಹೊರಟರೆ ಒಳ್ಳೆಯದು" ಎಂದಿದ್ದ. ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬಸ್ಸಿನಲ್ಲಿ ಹೊರಟರೆ ಮಳೆಗಾಲದ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವುದು ಯಾವಾಗಲೋ ಏನೋ. ವಿಮಾನವಾದರೆ ಒಂದು ಗಂಟೆ. ಸಂಜೆಯ ವಿಮಾನದಲ್ಲಿ ಒಂದು ಸ್ಥಳ ಸಿಕ್ಕಿತು. ಆ ಒಂದು ಗಂಟೆಯ ಮೇಲೆ ನನ್ನ ಭಾರವನ್ನೆಲ್ಲ ಹೊರಿಸಿ ಕುಳಿತೆ.

ಮಂಗಳೂರಿನ ಮೇಲೆ ಸುಮಾರು ಅರ್ಧ ಗಂಟೆ ಸುತ್ತು ಹೊಡೆದೆವು. ಒಂದು ಸಲ ಇಳಿಯಲು ಹೋದೆವು. ಮೇಲೇರಿದ ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ನರ ಧ್ವನಿ ಕೇಳಿಸಿತು: ಮಳೆಯಿಂದಾಗಿ ರನ್‌ವೇ ಕಾಣಿಸಲಿಲ್ಲ, ಬೆಂಗಳೂರಿಗೆ ಹಿಂದಿರುಗುತ್ತಿದ್ದೇವೆ, ತೊಂದರೆಗಾಗಿ ಕ್ಷಮಿಸಬೇಕು. ಸಮಾಧಾನದ, ಸ್ವಲ್ಪ ದಣಿದಂತಿದ್ದ ಧ್ವನಿ. ಹಿಂದಿನ ಸಾಲಿನಲ್ಲಿದ್ದವರೊಬ್ಬರು, "ಬಸ್ಸಿನ ಡ್ರೈವರ್ ಆಗಿದ್ದರೆ ಹೇಗಾದರೂ ಮಾಡಿ ಮುಟ್ಟಿಸುತ್ತಿದ್ದ ಮಾರಾಯರೆ" ಎಂದರು. ಕೆಲವರು ನಕ್ಕರು. ನಾನು ಗುಂಡಿ ಒತ್ತಿ ಗಗನಸಖಿಯನ್ನು ಕರೆದೆ. ಅಕ್ಕನ ವಿಷಯ ಹೇಳಿ, ಇನ್ನೊಂದು ಸಲ ಪ್ರಯತ್ನಿಸುವಂತೆ ಕ್ಯಾಪ್ಟನ್ನರಿಗೆ ತಿಳಿಸಬಹುದೆ ಎಂದು ಕೇಳಿದೆ. ಆ ಹುಡುಗಿ ನನ್ನ ಸೀಟಿನ ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಪೂರ್ತಿ ಕೇಳಿಸಿಕೊಂಡಳು. "ತಿಳಿಸುತ್ತೇನೆ ಸರ್" ಎಂದಳು. ಒಂದು ಲೋಟ ನೀರು ತಂದುಕೊಟ್ಟಳು. ವಿಮಾನ ಪೂರ್ವಕ್ಕೆ ತಿರುಗಿದ್ದು ತಿರುಗಿದ ಹಾಗೆಯೇ ಹೋಯಿತು.

ಬೆಂಗಳೂರಿನಲ್ಲಿ ಇಳಿದು ಫೋನು ತೆರೆದೊಡನೆ ಸೋದರಳಿಯನ ಕರೆ ಬಂತು. "ಎಲ್ಲಿದ್ದೀರಿ ಮಾವ?" ಎಂದ. ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು, "ನಿಮ್ಮ ಹಿಂದೆ ಮುಂಬಯಿಯಿಂದ ಬಂದ ವಿಮಾನ ಇಳಿದಿದೆಯಂತೆ. ಗೆಳೆಯನೊಬ್ಬ ಅದರಲ್ಲಿ ಬಂದ" ಎಂದ. ಅವನು ದೂರುವುದಕ್ಕಾಗಿ ಹೇಳಿದ್ದಲ್ಲ. ಆದರೆ ಆ ಮಾತು ನನ್ನೊಳಗೆ ಮುಳ್ಳಿನಂತೆ ಕುಳಿತುಬಿಟ್ಟಿತು. ರಾತ್ರಿಯ ಬಸ್ಸು ಹಿಡಿದೆ. ಬೆಳಗ್ಗೆ ಏಳಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಭಾವ ಎದುರಿಗೆ ನಿಂತಿದ್ದರು. ಅಕ್ಕ ಎರಡೂವರೆಗೆ ಹೋಗಿದ್ದಳು. ರಾತ್ರಿ ಹತ್ತರವರೆಗೂ ಅವಳಿಗೆ ಎಚ್ಚರವಿತ್ತು.

ನನ್ನ ಸಿಟ್ಟು ಯಾರ ಮೇಲೆ? ಮಳೆಯ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಮುಖ ಕಾಣದ ಆ ಕ್ಯಾಪ್ಟನ್ನರ ಮೇಲೆ ಮಾಡಿದೆ, ಒಂದು ದಿನವಲ್ಲ, ನಾಲ್ಕು ವರ್ಷ. ದೀಪ ಕಂಡಿತ್ತು, ಹಿಂದಿನವನು ಇಳಿದಿದ್ದ, ಇವನು ಅಂಜಿದ. ನನ್ನ ವಾದದಲ್ಲಿ ಬಿರುಕೇ ಇರಲಿಲ್ಲ. ದುಃಖದಲ್ಲಿರುವವನ ತರ್ಕ ಎಷ್ಟು ನಯವಾಗಿರುತ್ತದೆಂಬುದನ್ನು ನಾನು ಆಗ ಗಮನಿಸಿರಲಿಲ್ಲ.

ನನ್ನ ಸ್ನೇಹಿತರೊಬ್ಬರ ಮಗಳು ವಿಮಾನ ನಡೆಸುತ್ತಾಳೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಆಡಿದ ಹುಡುಗಿ. ಒಮ್ಮೆ ಅವಳು ಮನೆಗೆ ಬಂದಾಗ, ಪರೀಕ್ಷೆ ಮಾಡುವವನ ಹಾಗೆ, ದೀಪದ ವಿಷಯ ತೆಗೆದೆ. ಪ್ರಯಾಣಿಕನಿಗೆ ಕಂಡದ್ದು ಚಾಲಕನಿಗೆ ಕಾಣಲಿಲ್ಲವೆಂದರೆ ಏನರ್ಥ ಎಂದೆ. ಅವಳು ನಗಲಿಲ್ಲ. "ನೀವು ಸೀದಾ ಕೆಳಗೆ ನೋಡ್ತಿದ್ರಿ ಅಂಕಲ್. ನಾವು ಮುಂದಕ್ಕೆ ನೋಡಬೇಕು" ಎಂದಳು. ಆಮೇಲೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದಳು. ಮೋಡವೋ ಮಳೆಯೋ ನೆಲದ ಮೇಲೆ ಹೊದಿಕೆಯಂತೆ ಹರಡಿದ್ದಾಗ, ಅದನ್ನು ನೇರವಾಗಿ ಕೆಳಮುಖವಾಗಿ ತೂರುವ ನೋಟಕ್ಕೆ ದಾಟಬೇಕಾದ ದಪ್ಪ ಕಡಮೆ. ರನ್‌ವೇಯ ತುದಿಯತ್ತ ಓರೆಯಾಗಿ ಹಾಯುವ ನೋಟ ಅದೇ ಹೊದಿಕೆಯನ್ನು ಅದರ ಹಲವು ಪಟ್ಟು ದಪ್ಪದಲ್ಲಿ ದಾಟಬೇಕು. ಆದ್ದರಿಂದ ಕಿಟಕಿಯ ಪಕ್ಕದಲ್ಲಿ ಕುಳಿತವನಿಗೆ ತೆಂಗಿನ ಮರವೂ ದೀಪವೂ ಕಾಣುತ್ತಿರುವಾಗಲೇ, ಮುಂದೆ ಕುಳಿತವನಿಗೆ ಏನೂ ಕಾಣದಿರಬಹುದು. ನಾನು ಸುಳ್ಳು ಹೇಳಿರಲಿಲ್ಲ, ಕ್ಯಾಪ್ಟನ್ನರೂ ಹೇಳಿರಲಿಲ್ಲ.

ಆ ದಿನ ಅವಳು ಹೇಳಿದ ಇನ್ನೂ ಕೆಲವು ಸಂಗತಿಗಳನ್ನು ಇಲ್ಲಿ ಬರೆಯಬೇಕು. ಅವಿಲ್ಲದೆ ನನ್ನ ಪ್ರಶ್ನೆಗೆ ಆಧಾರವಿಲ್ಲ.

ವಿಮಾನವನ್ನು ಬೇರೆ ಊರಿಗೆ ತಿರುಗಿಸುವ ತೀರ್ಮಾನ ಆಕಾಶದಲ್ಲಿ ಆಗುತ್ತದೆಂದು ನಾವು ಭಾವಿಸುತ್ತೇವೆ. ಅದರ ಬಹುಪಾಲು ನೆಲದ ಮೇಲೆ, ಹೊರಡುವುದಕ್ಕೆ ಮೊದಲೇ, ಒಂದು ಹಾಳೆಯ ಮೇಲೆ ಆಗಿರುತ್ತದೆ. ಹೋಗಬೇಕಾದ ಊರಿಗೆ ಇಷ್ಟು ಇಂಧನ. ದಾರಿಯಲ್ಲಿ ಗಾಳಿ ಎದುರಾದರೆ, ಸುತ್ತಿ ಹೋಗಬೇಕಾದರೆ ಎಂದು ಅದರ ಮೇಲೆ ಸ್ವಲ್ಪ. ಆ ಊರಿನಲ್ಲಿ ಇಳಿಯಲಾಗದಿದ್ದರೆ ಮೊದಲೇ ಗೊತ್ತುಮಾಡಿದ ಬದಲಿ ನಿಲ್ದಾಣಕ್ಕೆ ಹೋಗಲು ಇಷ್ಟು. ಅಲ್ಲಿ ತಲಪಿದ ಮೇಲೂ ಅರ್ಧ ಗಂಟೆ ಆಕಾಶದಲ್ಲಿ ಸುತ್ತಲು ಇಷ್ಟು. ಈ ಕೊನೆಯ ಅರ್ಧ ಗಂಟೆಯದನ್ನು ಮುಟ್ಟುವ ಹಾಗೆ ಯಾರೂ ಯೋಜನೆ ಹಾಕುವಂತಿಲ್ಲ. ಇದಕ್ಕೂ ಮೇಲೆ, ಮಳೆಗಾಲವೆಂದೋ ಮಂಜೆಂದೋ ಕ್ಯಾಪ್ಟನ್ ಕೇಳಿ ತುಂಬಿಸಿಕೊಂಡದ್ದು ಎಷ್ಟಿದೆಯೋ ಅಷ್ಟೇ ಅವರ ತಾಳ್ಮೆ. ಹಾಗಾದರೆ ಟ್ಯಾಂಕು ತುಂಬ ತುಂಬಿಸಿಕೊಳ್ಳಬಾರದೆ ಎಂದು ಕೇಳಿದೆ. ತಾಳ್ಮೆಗೂ ತೂಕವುಂಟು: ಭಾರವಾದ ವಿಮಾನ ನಿಲ್ಲಲು ಹೆಚ್ಚು ಉದ್ದ ಬೇಕು. ಬಜಪೆಯ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು, ಸುಮಾರು 2450 ಮೀಟರು; ಅದರಾಚೆ ಕಣಿವೆ. ಒದ್ದೆಯಾದ ಅಂಥ ರನ್‌ವೇಗೆ ಭಾರ ಹೊತ್ತು ಬರುವುದು ಇನ್ನೊಂದು ಅಪಾಯವನ್ನು ಕರೆದುಕೊಂಡು ಬಂದಂತೆ.

ಹೀಗೆ ಲೆಕ್ಕ ಹಾಕಿದಾಗ ಕೊನೆಯಲ್ಲಿ ಒಂದು ಅಂಕಿ ಉಳಿಯುತ್ತದೆ. ಇಂಧನ ಆ ಅಂಕಿಗೆ ಇಳಿದಾಗ, ಕೆಳಗೆ ಏನೇ ಇರಲಿ, ಬದಲಿ ಊರಿನತ್ತ ಮುಖಮಾಡಬೇಕು. ಇನ್ನೊಂದು ಅಂಕಿ ಎತ್ತರದ್ದು. ಸಾಮಾನ್ಯ ಉಪಕರಣಗಳ ನೆರವಿನಿಂದ ಇಳಿಯುವಾಗ ಅದು ಅನೇಕ ನಿಲ್ದಾಣಗಳಲ್ಲಿ ನೆಲದಿಂದ 200 ಅಡಿ. ಅಲ್ಲಿಗೆ ಬಂದಾಗ ರನ್‌ವೇಯೋ ಅದರ ದೀಪಗಳೋ ಕಂಡರೆ ಮುಂದುವರಿಯಬಹುದು, ಕಾಣದಿದ್ದರೆ ಮೇಲೇರಬೇಕು. ಅಲ್ಲಿಂದ ನೆಲಕ್ಕೆ ಹದಿನೈದಿಪ್ಪತ್ತು ಸೆಕೆಂಡುಗಳ ದಾರಿ. "ಆ ಎತ್ತರದಲ್ಲಿ ಯೋಚನೆ ಮಾಡೋದು ಅಂತ ಇಲ್ಲ ಅಂಕಲ್. ಕಂಡಿತೋ ಇಲ್ಲವೋ, ಅಷ್ಟೆ. ಮೇಲೇರೋದಕ್ಕೆ ಕಾರಣ ಬೇಕಿಲ್ಲ, ಇಳಿಯೋದಕ್ಕೆ ಕಾರಣ ಬೇಕು" ಎಂದಳು ಆ ಹುಡುಗಿ. ನಾನು ಈ ಮಾತನ್ನು ಬಹಳ ದಿನ ಮನಸ್ಸಿನಲ್ಲಿ ತಿರುವಿಹಾಕಿದೆ. ನಮ್ಮ ಸಂಸಾರದ ವ್ಯವಹಾರಗಳಲ್ಲೆಲ್ಲ ಇದಕ್ಕೆ ತಲೆಕೆಳಗು ತಾನೆ? ಹಿಡಿದ ಕೆಲಸವನ್ನು ಬಿಡುವವನು ಕಾರಣ ಕೊಡಬೇಕು. ಮುಂದುವರಿಸುವವನನ್ನು ಯಾರೂ ಕೇಳುವುದಿಲ್ಲ.

ಆಗ ನನಗೆ ಕಡವಿನ ಕಲ್ಲು ನೆನಪಾಯಿತು. ನಮ್ಮ ಊರು ನೇತ್ರಾವತಿಯ ದಂಡೆಯಲ್ಲಿ. ಸೇತುವೆಯಾಗುವ ಮೊದಲು ಆಚೆ ದಡಕ್ಕೆ ದೋಣಿಯೇ ಗತಿ. ಕಡವಿನ ಹತ್ತಿರ ನೀರಿನಲ್ಲಿ ಒಂದು ಕರಿಯ ಬಂಡೆ ಇತ್ತು. ಮಕ್ಕಳಾದ ನಾವು ಅದನ್ನು ಆನೆಕಲ್ಲು ಎನ್ನುತ್ತಿದ್ದೆವು. ಮಳೆಗಾಲದಲ್ಲಿ ನೀರು ಏರಿ ಆ ಕಲ್ಲಿನ ಬೆನ್ನು ಮುಳುಗಿತೆಂದರೆ ಅಂಬಿಗ ದೋಣಿಯನ್ನು ದಡಕ್ಕೆಳೆದು ಮರಕ್ಕೆ ಕಟ್ಟಿಬಿಡುತ್ತಿದ್ದ. ಆಟಿ ತಿಂಗಳ ಒಂದು ಸಂಜೆ ಅಕ್ಕ ನನ್ನನ್ನು ಕರೆದುಕೊಂಡು ತನ್ನ ಗಂಡನ ಮನೆಗೆ ಹೊರಟಿದ್ದಳು. ನಾವು ಕಡವಿಗೆ ಬಂದಾಗ ಕಲ್ಲು ಆಗಷ್ಟೆ ಮುಳುಗಿತ್ತು. ಬೆನ್ನಿನ ಮೇಲೆ ಹರಿಯುವ ನೀರಿನ ಸುಳಿ ಇನ್ನೂ ಕಾಣುತ್ತಿತ್ತು. ನಮ್ಮೊಡನೆ ದಾಟಬೇಕಾಗಿದ್ದ ಒಬ್ಬ ದೊಡ್ಡ ಮನುಷ್ಯರು ಬೈದರು, ಆಮೇಲೆ ಹಣ ಹೆಚ್ಚಿಗೆ ಕೊಡುತ್ತೇನೆಂದರು, ಆಮೇಲೆ ಕೋರ್ಟಿನ ಕೆಲಸವೆಂದು ಬೇಡಿಕೊಂಡರು. ಅಂಬಿಗ ತುಳುವಿನಲ್ಲಿ ಹೇಳಿದ್ದಿಷ್ಟು: "ನನ್ನನ್ನು ಕೇಳಬೇಡಿ ಧನಿ, ಕಲ್ಲನ್ನು ಕೇಳಿ." ಆ ರಾತ್ರಿ ನಾವು ಕಡವಿನ ಬಳಿಯ ಒಂದು ಮನೆಯ ಚಾವಡಿಯಲ್ಲಿ ಮಲಗಿದೆವು. ಅಂಬಿಗ ಪಾಪದವನು, ಧನಿಗಳ ಎದುರು ನಿಂತು ಇಲ್ಲವೆನ್ನುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಬೇಸಗೆಯಲ್ಲಿ, ಯಾರೂ ಒತ್ತಾಯ ಮಾಡದಿದ್ದ ಹೊತ್ತಿನಲ್ಲಿ, ಆ ಧೈರ್ಯವನ್ನು ಒಂದು ಕಲ್ಲಿನ ಹತ್ತಿರ ಅಡವಿಟ್ಟಿದ್ದ ಎಂದು ನನಗೀಗ ತೋರುತ್ತದೆ.

ಮನುಷ್ಯನಿಗೆ ತನ್ನಿಂದಲೇ ತನ್ನನ್ನು ಕಾಯಬೇಕಾದ ಪ್ರಸಂಗಗಳಿವೆ. ದೂರದಲ್ಲಿದ್ದಾಗ ಇರುವ ವಿವೇಕ ಗುರಿ ಹತ್ತಿರವಾದಂತೆ ತೆಳ್ಳಗಾಗುತ್ತದೆ. ಇದು ಉಪದೇಶದ ಮಾತಲ್ಲ, ಅಳೆದು ನೋಡಿದ್ದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂ.ಐ.ಟಿ.ಯ ಲಿಂಕನ್ ಪ್ರಯೋಗಾಲಯದವರು ಡಲ್ಲಾಸ್ ನಗರದ ವಿಮಾನ ನಿಲ್ದಾಣದ ಸುತ್ತ ಗುಡುಗು ಮೋಡಗಳಿಗೆ ಎದುರಾದ ವಿಮಾನಗಳು ಏನು ಮಾಡಿದವೆಂದು ಪರಿಶೀಲಿಸಿದರು. ದೂರದಲ್ಲಿ ಮೋಡವನ್ನು ಬಳಸಿ ಹೋಗುವವರು ನಿಲ್ದಾಣ ಹತ್ತಿರವಾದಾಗ ಅದರೊಳಗೇ ನುಗ್ಗುವುದು ಹೆಚ್ಚು. ಹೊತ್ತು ಮೀರಿದ್ದರೆ, ಕತ್ತಲಾಗಿದ್ದರೆ, ಮುಂದೆ ಇನ್ನೊಂದು ವಿಮಾನ ಹೋಗಿದ್ದರೆ ಇನ್ನೂ ಹೆಚ್ಚು. ಚಾಲಕನೂ ಅದೇ ವಿಮಾನದಲ್ಲಿ ಕುಳಿತಿರುತ್ತಾನೆ, ತನ್ನ ಜೀವದ ಆಸೆಯೇ ಅವನನ್ನು ತಡೆಯುವುದಿಲ್ಲವೆ ಎಂದು ನಾನು ಹಿಂದೆ ಕೇಳುತ್ತಿದ್ದೆ. ತಡೆಯುವುದಿಲ್ಲ. ಮುಟ್ಟುವ ಆಸೆಗೆ ಜೀವದ ಆಸೆಯೂ ಕೆಲವೊಮ್ಮೆ ದಾರಿ ಬಿಟ್ಟುಕೊಡುತ್ತದೆ.

2020ರ ಆಗಸ್ಟ್ 7ರ ರಾತ್ರಿ ದುಬೈಯಿಂದ ಬಂದ ವಿಮಾನವೊಂದು ಕೋಳಿಕ್ಕೋಡಿನ ಕರಿಪುರದಲ್ಲಿ ಇಳಿಯಲು ಹೋಗಿ ಗುಡ್ಡದ ಮೇಲಿನ ರನ್‌ವೇಯಿಂದಾಚೆಗೆ ಬಿದ್ದು ತುಂಡಾಯಿತು. ಅದರಲ್ಲಿದ್ದವರು 190 ಮಂದಿ. ಇಬ್ಬರು ಚಾಲಕರೂ ಸೇರಿ 21 ಮಂದಿ ಹೋದರು. ಮೊದಲ ಪ್ರಯತ್ನವನ್ನು ಅವರು ಸರಿಯಾಗಿಯೇ ಕೈಬಿಟ್ಟು ಮೇಲೇರಿದ್ದರು. ಕ್ಯಾಪ್ಟನ್ನರ ಮುಂದಿನ ಗಾಜಿನ ಮಳೆ ಒರಸುವ ಕಡ್ಡಿ ನಿಂತುಹೋಗಿತ್ತು. ಬೇರೆ ಊರಿಗೆ ಹೋಗಲು ಇಂಧನವಿತ್ತು, ಹೋಗಬಹುದಾದ ಊರುಗಳೂ ಇದ್ದವು. ಆದರೂ ಇನ್ನೊಂದು ದಿಕ್ಕಿನಿಂದ, ಹಿಂದಿನಿಂದ ಗಾಳಿ ಬೀಸುತ್ತಿದ್ದಾಗ, ಬಂದು ರನ್‌ವೇಯ ಅರ್ಧದ ಹತ್ತಿರ ನೆಲ ಮುಟ್ಟಿದರು. 2021ರಲ್ಲಿ ಹೊರಬಂದ ವಿಚಾರಣಾ ವರದಿ ಹೇಳುವ ಕಾರಣಗಳಲ್ಲಿ ಒಂದು ನನ್ನನ್ನು ಬಹಳ ಕಾಡಿತು: ಮರುದಿನ ಬೆಳಗ್ಗೆ ಅದೇ ಊರಿನಿಂದ ಇನ್ನೊಂದು ವಿಮಾನ ನಡೆಸಬೇಕಾಗಿದ್ದುದರಿಂದ ಅಲ್ಲಿಯೇ ಇಳಿಯಬೇಕೆಂಬ ತವಕ ಕ್ಯಾಪ್ಟನ್ನರಲ್ಲಿತ್ತು. ಬಹಳ ಅನುಭವಿಗಳು. ತೀರಿಕೊಂಡವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ನಾಳೆಯ ಕೆಲಸ ತಪ್ಪಬಾರದೆಂಬುದು ಎಷ್ಟು ಒಳ್ಳೆಯ ಆಸೆ! ಕೆಟ್ಟ ಆಸೆಯಾಗಿದ್ದರೆ ಬಹುಶಃ ಅವರು ಅದನ್ನು ಗುರುತಿಸಿ ಹತ್ತಿಕ್ಕುತ್ತಿದ್ದರು.

ಆ ರಾತ್ರಿ ಟೆಲಿವಿಷನ್ನಿನ ಮುಂದೆ ಕುಳಿತಿದ್ದಾಗ ನನ್ನ ಸಿಟ್ಟು ಮೊದಲ ಸಲ ಅಲುಗಾಡಿತು. ಬಜಪೆಯೂ ಅಂಥದೇ ಗುಡ್ಡದ ತಲೆ. 2010ರ ಮೇ 22ರ ಬೆಳಗ್ಗೆ ಅಲ್ಲಿಯೇ, ಅದೇ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಸಹಚಾಲಕರು ಮೂರು ಸಲ ಮೇಲೇರಲು ಹೇಳಿದ್ದರೆಂದು, ಯಂತ್ರವೂ ಎಚ್ಚರಿಸಿತ್ತೆಂದು, ಆದರೂ ಕ್ಯಾಪ್ಟನ್ ಇಳಿಯುವುದನ್ನು ಬಿಡಲಿಲ್ಲವೆಂದು ಆಗಿನ ವಿಚಾರಣೆ ಹೇಳಿತು. ನಮ್ಮ ಜಿಲ್ಲೆಯಲ್ಲಿ ಆ ದಿನವನ್ನು ಮರೆತವರಿಲ್ಲ. ನನ್ನ ಪರಿಚಯದ ಎರಡು ಮನೆಗಳಲ್ಲಿ ಆ ದಿನ ದೀಪ ಆರಿತು. ಆದರೆ 2016ರ ಆ ಸಂಜೆ, ಅದೇ ಗುಡ್ಡದ ಮೇಲೆ ಸುತ್ತುತ್ತಿದ್ದಾಗ, ನನಗೆ ಅದು ನೆನಪಾಗಲಿಲ್ಲ. ಒಮ್ಮೆಯೂ ಆಗಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಹಾಗೆಂದು, ಹಿಂದಿರುಗುವುದೇ ದೊಡ್ಡ ಗುಣ ಎಂದು ಹೇಳುವುದಕ್ಕೂ ನಾನು ಸಿದ್ಧನಿಲ್ಲ. ಮೋಡ ಕಂಡಾಗಲೆಲ್ಲ ತಿರುಗುವ ಚಾಲಕ ಯಾರನ್ನೂ ಎಲ್ಲಿಗೂ ಮುಟ್ಟಿಸುವುದಿಲ್ಲ. ಕಾಯುವುದೆ, ಪ್ರಯತ್ನಿಸುವುದೆ, ಯಾವ ಊರಿಗೆ ತಿರುಗುವುದು ಎಂಬಲ್ಲೆಲ್ಲ ಬುದ್ಧಿಗೆ ಕೆಲಸವಿದೆ. ಆ ಬುದ್ಧಿ ಓಡಾಡುವುದಕ್ಕೆ ಒಂದು ಅಂಗಳವಿದೆ, ಅಂಗಳಕ್ಕೆ ಗೋಡೆಯಿದೆ, ಅಷ್ಟೆ. ಗೋಡೆ ಎಲ್ಲಿದೆಯೆಂಬುದನ್ನು ಮರೆತರೆ ತಿರುಗುವುದೂ ಕಾಪಾಡುವುದಿಲ್ಲ. 2015ರ ಆಗಸ್ಟಿನಲ್ಲಿ ದೋಹಾದಿಂದ ಕೊಚ್ಚಿಗೆ ಬಂದ ವಿಮಾನವೊಂದು ಮಂಜು ಮುಸುಕಿದ ಬೆಳಗ್ಗೆ ಮೂರು ಸಲ ಇಳಿಯಲು ಹೋಗಿ ಮೂರು ಸಲವೂ ಮೇಲೇರಿತು. ಹಾಳೆಯ ಮೇಲೆ ಬರೆದಿದ್ದ ಬದಲಿ ಊರು ನಮ್ಮ ಬೆಂಗಳೂರು. ಮೂರನೆಯ ಪ್ರಯತ್ನ ಮುಗಿಯುವಾಗ ಬೆಂಗಳೂರಿಗೆ ಸಾಕಾಗುವಷ್ಟು ಇಂಧನ ಉಳಿದಿರಲಿಲ್ಲ. ಹತ್ತಿರದ ತಿರುವನಂತಪುರಕ್ಕೆ ಹೋದರು, ಅಲ್ಲಿಯೂ ಕಾಣಿಸಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿ, ಟ್ಯಾಂಕು ಬರಿದಾಗುತ್ತಿರುವಾಗ ಹೇಗೋ ಇಳಿದರು. ಎಲ್ಲರೂ ಬದುಕಿದರು. 1990ರ ಜನವರಿ 25ರಂದು ಕೊಲಂಬಿಯದಿಂದ ನ್ಯೂಯಾರ್ಕಿಗೆ ಹೋದ ವಿಮಾನದವರಿಗೆ ಆ ಭಾಗ್ಯವಿರಲಿಲ್ಲ. ಒಂದೂಕಾಲು ಗಂಟೆಗೂ ಹೆಚ್ಚು ಹೊತ್ತು ಅವರನ್ನು ಆಕಾಶದಲ್ಲಿ ನಿಲ್ಲಿಸಿದ್ದರು. ಬದಲಿ ಊರಾದ ಬಾಸ್ಟನ್ ಕೈತಪ್ಪಿದ್ದು ಅವರಿಗೆ ಗೊತ್ತಿತ್ತು. ಆದ್ಯತೆ ಬೇಕೆಂದು ಹೇಳಿದರು, ಇಂಧನ ಮುಗಿಯುತ್ತಿದೆಯೆಂದು ಹೇಳಿದರು, ಆದರೆ ತುರ್ತು ಪರಿಸ್ಥಿತಿ ಎಂಬ ಒಂದು ಶಬ್ದವನ್ನು ನಿಲ್ದಾಣದವರಿಗೆ ಹೇಳಲೇ ಇಲ್ಲ. ಎಂಜಿನ್ನುಗಳು ಒಂದೊಂದಾಗಿ ಆರಿದವು. 158 ಮಂದಿಯಲ್ಲಿ 73 ಮಂದಿ ಸತ್ತರು. ಸಂಕೋಚದಿಂದಲೂ ಜನ ಸಾಯುತ್ತಾರೆ.

ಇನ್ನು ನನ್ನ ಹಿಂದೆ ಬಂದು ಇಳಿದ ವಿಮಾನ. ಆ ಮುಳ್ಳನ್ನು ತೆಗೆಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಸ್ನೇಹಿತರ ಮಗಳು ಇದಕ್ಕೆ ಕೊಟ್ಟ ಉತ್ತರ ಸರಳ: ಅರ್ಧ ಗಂಟೆಯಲ್ಲಿ ಮಳೆಯ ಮೋಡ ಸರಿದಿರಬಹುದು, ಅವರ ಬಳಿ ಇಂಧನ ಹೆಚ್ಚಿಗೆ ಇದ್ದಿರಬಹುದು. ಅವರು ಇಳಿದದ್ದು ಸರಿ, ಇವರು ಮರಳಿದ್ದೂ ಸರಿ. ಬುದ್ಧಿಗೆ ಇದು ಒಪ್ಪಿಗೆಯಾಗುತ್ತದೆ. ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ನಾವು ಬಾಳಿನುದ್ದಕ್ಕೂ ಫಲದಿಂದಲೇ ತೂಗುವವರು. ಮದುವೆ ಚೆನ್ನಾಗಿ ನಡೆದರೆ ಸಂಬಂಧ ನೋಡಿದವನು ಜಾಣ, ಇಲ್ಲದಿದ್ದರೆ ದಡ್ಡ. ಇಳಿದು ಬದುಕಿದ ವಿಮಾನಕ್ಕೆ ಸಾಕ್ಷಿಯುಂಟು: ಅದರಲ್ಲಿ ಬಂದವರು ಮನೆಗೆ ಹೋಗಿ ಊಟ ಮಾಡುತ್ತಾರೆ. ಇಳಿಯದೆ ಮರಳಿದ ವಿಮಾನ ಯಾವ ಅಪಘಾತವನ್ನು ತಪ್ಪಿಸಿತೋ ಅದಕ್ಕೆ ಸಾಕ್ಷಿಯೇ ಇಲ್ಲ, ಏಕೆಂದರೆ ಅದು ನಡೆಯಲಿಲ್ಲ. ಬಹುಶಃ ನಡೆಯುತ್ತಲೂ ಇರಲಿಲ್ಲ. ಆ ಕ್ಯಾಪ್ಟನ್ ಇಂದು ಎಲ್ಲಿಯೇ ಇರಲಿ, ತಾನು ಆ ಸಂಜೆ ಮಾಡಿದ್ದು ಸರಿಯೆಂದು ತೋರಿಸಲು ಅವರ ಕೈಯಲ್ಲಿ ಏನೂ ಇಲ್ಲ. ನನ್ನ ಕೈಯಲ್ಲಾದರೋ ನನ್ನ ನಷ್ಟವಿದೆ, ತೂಕವುಳ್ಳ ವಸ್ತು. ಇಂಥ ತಕ್ಕಡಿಯಲ್ಲಿ ಅವರು ಎಂದಿಗೂ ಗೆಲ್ಲಲಾರರು. ಗೆಲ್ಲಲಾರೆನೆಂದು ಗೊತ್ತಿದ್ದೂ ಅವರು ತಿರುಗಿಸಿದರು.

ಆದರೂ ಒಂದು ಪ್ರಶ್ನೆ ಉಳಿಯಿತು, ಅದನ್ನು ಆ ಹುಡುಗಿಯನ್ನು ಕೇಳಲು ನನಗೆ ಬಹಳ ಕಾಲ ಧೈರ್ಯ ಬರಲಿಲ್ಲ. ವಿಮಾನದೊಳಗೆ ಯಾರಿಗಾದರೂ ಎದೆನೋವು ಬಂದರೆ ಆ ಒಬ್ಬನಿಗಾಗಿ ನೂರೆಂಬತ್ತು ಜನರ ದಾರಿ ತಪ್ಪಿಸಿ ಹತ್ತಿರದ ಊರಿನಲ್ಲಿ ಇಳಿಸುತ್ತಾರೆ. ಖರ್ಚಿನ ಮುಖ ನೋಡುವುದಿಲ್ಲ. ಮದುವೆಗೆ ಹೊರಟವನು, ಪರೀಕ್ಷೆಗೆ ಹೊರಟವನು, ಎಲ್ಲರೂ ಕಾಯುತ್ತಾರೆ. ಹಾಗಾದರೆ ನನ್ನ ಅಕ್ಕ ನನ್ನ ಪಕ್ಕದ ಸೀಟಿನಲ್ಲಿದ್ದಿದ್ದರೆ ಅವಳಿಗಾಗಿ ವಿಮಾನ ತಿರುಗುತ್ತಿತ್ತು. ಅವಳು ಕೆಳಗೆ ಊರಿನ ಹಾಸಿಗೆಯಲ್ಲಿ ಸಾಯುತ್ತಿದ್ದಳೆಂಬ ಒಂದೇ ಕಾರಣಕ್ಕೆ ಅವಳು ಯಾರ ಲೆಕ್ಕಕ್ಕೂ ಬರಲಿಲ್ಲವೆ?

ಇದಕ್ಕೆ ಉತ್ತರವನ್ನು ನಾನೇ ಹುಡುಕಿಕೊಳ್ಳಬೇಕಾಯಿತು, ಅದೂ ನನ್ನ ವಿರುದ್ಧವಾಗಿ. ಎದೆನೋವಿನವನಿಗಾಗಿ ತಿರುಗಿದಾಗ ಉಳಿದವರು ಕಳೆದುಕೊಳ್ಳುವುದು ಹೊತ್ತನ್ನು, ಬಿಟ್ಟರೆ ಹಣವನ್ನು. ಕ್ಯಾಪ್ಟನ್ನರು ಅವರನ್ನು ಕೇಳದೆ ಅದನ್ನು ತೆಗೆದುಕೊಳ್ಳುತ್ತಾರೆ, ನಾವು ಅದನ್ನು ನ್ಯಾಯವೆನ್ನುತ್ತೇವೆ. ನನಗಾಗಿ ಇನ್ನೊಂದು ಸಲ ಮಳೆಯೊಳಗೆ ಇಳಿದಿದ್ದರೆ ಅವರು ತೆಗೆದುಕೊಳ್ಳುತ್ತಿದ್ದುದು ಹೊತ್ತನ್ನಲ್ಲ. ಹಿಂದಿನ ಸಾಲಿನಲ್ಲಿ ಬಸ್ಸಿನ ಮಾತಾಡಿದವರು, ಮುಂದಿನ ಸಾಲಿನಲ್ಲಿ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದ ಹೆಂಗಸು, ಇವರ ಪ್ರಾಣದ ಒಂದು ಚೂರನ್ನು, ಎಷ್ಟು ಚಿಕ್ಕದಾದರೂ ಸರಿ, ಅವರಿಗೆ ತಿಳಿಸದೆ ನನ್ನ ದುಃಖಕ್ಕೆ ದಾನ ಮಾಡಬೇಕಾಗುತ್ತಿತ್ತು. ಇನ್ನೊಬ್ಬರ ಹೊತ್ತನ್ನು ಎತ್ತಿ ಕೊಡುವ ಅಧಿಕಾರ ಕ್ಯಾಪ್ಟನ್ನರಿಗುಂಟು. ಇದನ್ನು ಕೊಡುವ ಅಧಿಕಾರ ಅವರಿಗಿಲ್ಲ, ಕೇಳುವ ಅಧಿಕಾರ ನನಗೂ ಇರಲಿಲ್ಲ. ನಾನು ಕೇಳಿದೆ. ಆ ಮಗುವಿನ ಮುಖ ನನ್ನ ಕಣ್ಣ ಮುಂದೆಯೇ ಇತ್ತು, ಆದರೂ ಕೇಳಿದೆ.

ಕೊನೆಗೊಂದು ದಿನ ಆ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಗಗನಸಖಿ ಕ್ಯಾಪ್ಟನ್ನರಿಗೆ ನನ್ನ ಅಕ್ಕನ ವಿಷಯ ತಿಳಿಸಿರಬಹುದೆ ಎಂದು ಕೇಳಿದೆ. ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ ಚಾಲಕರ ಕೋಣೆಯಲ್ಲಿ ಹಾರಾಟಕ್ಕೆ ಸಂಬಂಧಿಸದ ಮಾತು ಆಡುವಂತಿಲ್ಲವಂತೆ, ಹೊರಗಿನವರು ಕರೆದು ಹೇಳುವಂತೆಯೂ ಇಲ್ಲವಂತೆ. "ಮೇಲೇರಿದ ಮೇಲೆ ಹೇಳಿರಬಹುದು. ಹೇಳದೇ ಇರಬಹುದು" ಎಂದಳು. "ನಿನಗೆ ಹೇಳಿದ್ದರೆ?" ಎಂದೆ. ಅವಳು ಕಾಫಿಯ ಲೋಟವನ್ನು ಕೆಳಗಿಟ್ಟಳು. "ನನಗೆ ಗೊತ್ತಾಗಬಾರದು ಅಂಕಲ್" ಎಂದಳು. "ಗೊತ್ತಾದರೆ ಇಳಿಸ್ತೀನಿ ಅಂತಲ್ಲ. ಆದರೆ ಇನ್ನೂರು ಅಡೀಲಿ, ಕಾಣದೇ ಇರೋದು ಕಂಡ ಹಾಗೆ ಆಗಿಬಿಡಬಹುದು."

ನನಗೆ ಬಜಪೆಯ ದೀಪಗಳು ಕಂಡದ್ದು ಹೀಗೆಯೇ ಇರಬಹುದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಗುಡ್ಡದ ಕೆಳಗಿನ ಯಾವುದೋ ರಸ್ತೆಯ ದೀಪಗಳನ್ನು ನಾನು ನಿಲ್ದಾಣದ ದೀಪಗಳೆಂದುಕೊಂಡಿರಬಹುದು. ಕಂಡೆ ಎಂಬ ನಂಬಿಕೆ ಮಾತ್ರ ಹೋಗಿಲ್ಲ.

ಕಳೆದ ವರ್ಷ ಅಕ್ಕನ ತಿಥಿಗೆ ಹೋಗಿದ್ದಾಗ ಸೋದರಳಿಯ ಊಟದ ಮೇಲೆ ಜಗಲಿಯಲ್ಲಿ ನನ್ನ ಪಕ್ಕ ಬಂದು ಕುಳಿತ. ಹೊರಗೆ ಮಳೆ ಹೊಡೆಯುತ್ತಿತ್ತು. ಮಾತಿಗೆ ಮಾತು ಬಂದು ಆ ಸಂಜೆಯ ವಿಷಯ ಬಂತು. ಇಷ್ಟು ವರ್ಷ ಅವನು ಹೇಳಿರದಿದ್ದ ಒಂದು ಸಂಗತಿ ಹೇಳಿದ. ಆರು ಗಂಟೆಯ ಹೊತ್ತಿಗೆ ಅಕ್ಕ, ತಮ್ಮ ಬಂದನೇ ಎಂದು ಕೇಳಿದಳಂತೆ. ವಿಮಾನ ಊರಿನ ಮೇಲೆಯೇ ಸುತ್ತುತ್ತಿದೆ, ಇನ್ನೇನು ಬಂದೇ ಬಿಡುತ್ತಾರೆ ಎಂದು ಇವನು ಹೇಳಿದನಂತೆ. ಅವಳು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದಳಂತೆ.

"ಎಂತ ಹೇಳಿದಳು?" ಎಂದೆ.

"ಮಳೆ ಉಂಟಲ್ಲ, ಮೆಲ್ಲ ಬರಲಿ ಅಂದರು ಮಾವ."